ಸಂದೇಹ–ಸಮಾಧಾನ: ಸೂಜಿ ಚುಚ್ಚಿದ ಮೇಲೆ ಒಳಗೆ ಏನು ನಡೆಯುತ್ತೆ?

ಹೋದ ತಿಂಗಳು ಡೆಂಗಿ ರಿಪೋರ್ಟಿನಲ್ಲಿ ಬರುವ ಐಜಿಎಂ, ಐಜಿಜಿ ಅಂದರೇನು ಅಂತ ಬರೆದಿದ್ದೆ. ಎರಡೂ ಪ್ರತಿಕಾಯಗಳೇ, ಅಂದರೆ ಆಂಟಿಬಾಡಿಗಳು. ಮೊದಲು ಐಜಿಎಂ ಬರುತ್ತೆ, ಅದರ ಹಿಂದೆ ಐಜಿಜಿ. ಅದನ್ನು ಓದಿ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ, ಆ ಪ್ರತಿಕಾಯ ತಯಾರಾಗೋದು ಹೇಗೆ ಅನ್ನೋದನ್ನೇ ಸುತ್ತಿ ಬಳಸಿ ಕೇಳಿವೆ. ಹಾಗಾಗಿ ಈ ಸಲ ಬರೀ ಅವುಗಳಿಗೇ ಉತ್ತರ. ಮಂಡಿನೋವಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ನಿಮ್ಮ ಸರದಿ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಬೀದಿನಾಯಿ ಕಚ್ಚಿ ಕಾಲಲ್ಲಿ ರಕ್ತ ಬಂತು. ಆಸ್ಪತ್ರೆಯಲ್ಲಿ ಎರಡೂ ತೋಳಿಗೆ ಒಂದೊಂದು ಇಂಜೆಕ್ಷನ್ ಕೊಟ್ಟರು. ಅದು ಸಾಲದು ಅಂತ ಗಾಯದ ಒಳಗೂ ಸುತ್ತಲೂ ಚುಚ್ಚಿದರು. ಮಗು ಅತ್ತು ಅತ್ತು ಸುಸ್ತಾಯಿತು. ಮತ್ತೆ 3, 7, 28ನೇ ದಿನ ಬನ್ನಿ ಅಂದಿದ್ದಾರೆ. ಒಂದೇ ರೋಗಕ್ಕೆ ಇಷ್ಟೆಲ್ಲ ಯಾಕೆ ಮೇಡಂ?
— ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಅಮ್ಮಾ, ಮಗುವಿಗೆ ಸಿಕ್ಕಿರೋದು ಸರಿಯಾದ ಚಿಕಿತ್ಸೆ. ತೋಳಿಗೆ ಕೊಟ್ಟಿದ್ದು ಲಸಿಕೆ. ಗಾಯಕ್ಕೆ ಚುಚ್ಚಿದ್ದು ಲಸಿಕೆ ಅಲ್ಲ, ರೆಡಿಮೇಡ್ ಪ್ರತಿಕಾಯ. ಕುದುರೆಯ ರಕ್ತದಿಂದಲೋ ಮನುಷ್ಯರ ರಕ್ತದಿಂದಲೋ ಬೇರ್ಪಡಿಸಿದ್ದು. ಅದನ್ನು ಎರವಲು ತರಲೇಬೇಕು. ಯಾಕೆಂದರೆ ಲಸಿಕೆ ಬಿದ್ದ ಕೂಡಲೇ ಮಗುವಿನ ಮೈ ಸ್ವಂತ ಪ್ರತಿಕಾಯ ತಯಾರಿಸಲ್ಲ. ಒಂದರಿಂದ ಎರಡು ವಾರ ಹಿಡಿಯುತ್ತೆ. ಅಷ್ಟರಲ್ಲಿ ಗಾಯದಲ್ಲಿರುವ ರೇಬಿಸ್ ವೈರಸ್ ನರ ಹಿಡಿದು ಹೊರಟುಬಿಟ್ಟರೆ ಆಮೇಲೆ ಯಾರ ಕೈಲೂ ಏನೂ ಆಗಲ್ಲ.

ಆ ಒಂದೆರಡು ವಾರ ಒಳಗೆ ಏನು ನಡೆಯುತ್ತೆ ಅಂದರೆ, ಚರ್ಮದಲ್ಲಿರುವ ಡೆಂಡ್ರಿಟಿಕ್ ಅನ್ನೋ ಕೋಶಗಳು ಲಸಿಕೆಯನ್ನು ನುಂಗಿ ಕಂಕುಳಿನ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತವೆ. ನುಂಗಿದ್ದನ್ನು ಚೂರು ಮಾಡಿ ಮೈಮೇಲೆ ಹಿಡಿದು ಅಲ್ಲಿರುವ ಟಿ ಕೋಶ ಅನ್ನೋ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಆ ಚೂರಿಗೇ ಹೊಂದುವ ಟಿ ಕೋಶ ಲಕ್ಷಕ್ಕೊಂದು, ಹತ್ತು ಲಕ್ಷಕ್ಕೊಂದು ಇರುತ್ತೆ, ಅಷ್ಟೇ. ಅದು ಸಿಗಬೇಕು, ಒಡೆದು ಒಡೆದು ಸಾವಿರಾರು ಆಗಬೇಕು, ಆಮೇಲೆ ಹೋಗಿ ಪ್ರತಿಕಾಯ ಮಾಡುವ ಬಿ ಕೋಶವನ್ನು ಎಬ್ಬಿಸಬೇಕು. ಇದನ್ನು ಅವಸರ ಮಾಡಿಸಕ್ಕೆ ಬರಲ್ಲ. ಮೊದಲ ಲಸಿಕೆ ಬಿದ್ದು ಏಳು ದಿನ ಆದ ಮೇಲೆ ಗಾಯಕ್ಕೆ ರೆಡಿಮೇಡ್ ಪ್ರತಿಕಾಯ ಚುಚ್ಚುವುದಿಲ್ಲ. ಅಷ್ಟು ಹೊತ್ತಿಗೆ ಸ್ವಂತದ್ದು ಶುರುವಾಗಿರುತ್ತೆ ಅನ್ನೋ ಲೆಕ್ಕ.

ಹಾಗಾಗಿ 28ನೇ ದಿನದ್ದನ್ನೂ ತಪ್ಪಿಸಬೇಡಿ. 'ಮಗು ಆರಾಮಾಗಿ ಆಡ್ಕೊಂಡಿದೆ, ಯಾಕೆ ಸುಮ್ನೆ' ಅಂತ ಅತ್ತೆ ಹೇಳಿದರೂ ಸರಿ, ತಪ್ಪಿಸಬೇಡಿ. ಇನ್ನುಳಿದ ಓದುಗರಿಗೂ ಒಂದು ಮಾತು. ನಾಯಿ ಕಚ್ಚಿದರೆ ಸುಣ್ಣ, ಖಾರದಪುಡಿ ಹಚ್ಚಬೇಡಿ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಪ್ರತಿಕಾಯ ಮಾಡೋದು ಬಿ ಕೋಶ ಅಂತ ಪುಸ್ತಕದಲ್ಲಿದೆ. ಮುಂದಿನ ಸಾಲಲ್ಲೇ 'ಸಹಾಯಕ ಟಿ ಕೋಶ ಇದಕ್ಕೆ ನೆರವಾಗುತ್ತದೆ' ಅಂತಿದೆ. ಏನು ನೆರವು, ಅದಿಲ್ಲದಿದ್ದರೆ ಏನು ನಷ್ಟ, ಒಂದೂ ಇಲ್ಲ. ಕಾಲೇಜಲ್ಲಿ ಕೇಳಿದರೆ ಪರೀಕ್ಷೆಗೆ ಅಷ್ಟು ಸಾಕು ಅಂತಾರೆ.
— ಬಿ.ಎಸ್ಸಿ. ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಪರೀಕ್ಷೆಗೆ ಸಾಕು, ಆದರೆ ನಿನಗೆ ಸಾಲದು. ನೀನು ಅಂತಲೇ ಕರೀತೀನಪ್ಪ. ವರ್ಷಗಟ್ಟಲೆ ಪೆಥಾಲಜಿ ಪಾಠ ಮಾಡಿದವಳು, ವಿದ್ಯಾರ್ಥಿಗಳಿಗೆ 'ನೀವು' ಅನ್ನೋಕೆ ಬಾಯಿ ಬರಲ್ಲ.

ಯಾವುದಾದರೂ ಸಹಕಾರ ಸಂಘದ ಚೆಕ್ಕು ನೋಡಿದೀಯಾ? ಕಾರ್ಯದರ್ಶಿ ಒಬ್ಬರೇ ಸಹಿ ಮಾಡಿ ಕಳಿಸಿದರೆ ಬ್ಯಾಂಕಿನವರು ವಾಪಸ್ ಕಳಿಸ್ತಾರೆ. ಅಧ್ಯಕ್ಷರ ಸಹಿಯೂ ಬೇಕು. ಬಿ ಕೋಶದ್ದೂ ಅದೇ ಕಥೆ. ರೋಗಾಣು ಬಂದು ಅದರ ಮೈಮೇಲಿನ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳೋದು ಮೊದಲ ಸಹಿ. ಎರಡನೆಯದು ಸಹಾಯಕ ಟಿ ಕೋಶದ್ದು. ಇಷ್ಟು ಬಿಗಿ ಯಾಕೆ ಅಂದರೆ, ನಮ್ಮ ಸ್ವಂತ ಮೈಗೇ ಅಂಟಿಕೊಳ್ಳುವಂಥ ಬಿ ಕೋಶಗಳೂ ಎಲ್ಲರಲ್ಲೂ ಒಂದಿಷ್ಟು ಇರುತ್ತವೆ. ಅವೆಲ್ಲ ತಮ್ಮ ಪಾಡಿಗೆ ಪ್ರತಿಕಾಯ ಸುರಿಯಲು ಹೊರಟರೆ ನಮ್ಮ ಗತಿ ಏನು?

ಆ ಎರಡನೇ ಸಹಿ ಹೇಗೆ ಬೀಳುತ್ತೆ ನೋಡು. ಬಿ ಕೋಶ ತಾನು ಹಿಡಿದ ರೋಗಾಣುವನ್ನು ಒಳಗೆಳೆದುಕೊಂಡು ಕತ್ತರಿಸಿ, ಸಣ್ಣ ಚೂರನ್ನು ಹೊರಗೆ ತೋರಿಸುತ್ತೆ. ಅದೇ ಚೂರನ್ನು ಈಗಾಗಲೇ ಡೆಂಡ್ರಿಟಿಕ್ ಕೋಶದ ಹತ್ತಿರ ನೋಡಿ ಎದ್ದಿರುವ ಟಿ ಕೋಶ ಅಲ್ಲಿಗೆ ಬರುತ್ತೆ. ಚೂರು ಹೊಂದಿದರೆ ಸಿಡಿ40 ಲಿಗ್ಯಾಂಡ್ ಅನ್ನೋ ಪ್ರೋಟೀನನ್ನು ತನ್ನ ಮೈಮೇಲೆ ತಂದು, ಬಿ ಕೋಶದ ಮೇಲಿರುವ ಸಿಡಿ40ಕ್ಕೆ ತಾಗಿಸುತ್ತೆ. ಜೊತೆಗೆ ಐಎಲ್-21, ಐಎಲ್-4ನಂಥ ರಾಸಾಯನಿಕಗಳನ್ನು ಬಿಡುತ್ತೆ. ಬಿ ಕೋಶ ಬದುಕಿ, ಒಡೆದು, ಹೆಚ್ಚೋದು ಇದರಿಂದ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ರೋಗಾಣುವಿಗೆ ಸಾಕ್ಷಿ ಹೇಳಿದ ಹಾಗಾಯ್ತು, ಅಲ್ವಾ?

ನಷ್ಟ ಏನು ಅಂತ ಕೇಳಿದೆ. ಅದಕ್ಕೆ ಉತ್ತರ ಕೆಲವು ಗಂಡುಮಕ್ಕಳ ಕಾಯಿಲೆಯಲ್ಲಿದೆ. ಈ ಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಿಂದ ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತೆ. ರಕ್ತ ನೋಡಿದರೆ ಬಿ ಕೋಶ ಬೇಕಾದಷ್ಟಿದೆ. ಐಜಿಎಂ ಮಾಮೂಲಿ, ಇಲ್ಲ ಜಾಸ್ತಿಯೇ. ಆದರೆ ಐಜಿಜಿಯೂ, ಐಜಿಎ ಅನ್ನೋ ಇನ್ನೊಂದು ಥರದ ಪ್ರತಿಕಾಯವೂ ತೀರಾ ಕಮ್ಮಿ. ತಪ್ಪು ಬಿ ಕೋಶದ್ದು ಅಂತ ಬಹಳ ದಿನ ಅಂದುಕೊಂಡಿದ್ದರು. 1993ರಲ್ಲಿ ಹಲವು ಪ್ರಯೋಗಾಲಯಗಳು ಒಟ್ಟೊಟ್ಟಿಗೆ ತೋರಿಸಿಕೊಟ್ಟವು: ಕೆಟ್ಟಿರೋದು ಟಿ ಕೋಶದ ಸಿಡಿ40 ಲಿಗ್ಯಾಂಡ್ ಜೀನ್. ಆ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರೋದರಿಂದ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೆ. ಎರಡನೇ ಸಹಿ ಇಲ್ಲದೆ ಬಿ ಕೋಶ ಐಜಿಎಂನಲ್ಲೇ ನಿಂತುಹೋಗುತ್ತೆ. ಐಜಿಜಿಗೆ ಬದಲಾಗಕ್ಕೆ ಆಗಲ್ಲ.

ಇಷ್ಟೇ ಆಗಿದ್ದರೆ ಟಿ ಕೋಶದ ಕೆಲಸ ದೊಡ್ಡದಲ್ಲ ಅನ್ನಬಹುದಿತ್ತು. ನಿಜವಾದ ಸ್ವಾರಸ್ಯ ಇರೋದು ದುಗ್ಧಗ್ರಂಥಿಯ ಒಳಗೆ ಹುಟ್ಟುವ 'ಜರ್ಮಿನಲ್ ಸೆಂಟರ್'ನಲ್ಲಿ. ಅಲ್ಲಿ ಬಿ ಕೋಶಗಳು ಬೇಗ ಬೇಗ ಒಡೆಯುತ್ತಾ, ತಮ್ಮ ಪ್ರತಿಕಾಯದ ಜೀನನ್ನು ಬೇಕಂತಲೇ ತಿದ್ದಿಕೊಳ್ಳುತ್ತವೆ. ಆ ತಿದ್ದುಪಡಿಗೆ ಗುರಿ ಗೊತ್ತಿಲ್ಲ. ಹೆಚ್ಚಿನವು ಕೆಟ್ಟೇ ಹೋಗುತ್ತವೆ. ಅಪರೂಪಕ್ಕೆ ಒಂದು, ರೋಗಾಣುವಿಗೆ ಮೊದಲಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಯಾವುದು ಗಟ್ಟಿ ಅಂಟಿತೋ ಅದು ಜಾಸ್ತಿ ಎಳೆದುಕೊಳ್ಳುತ್ತೆ, ಜಾಸ್ತಿ ಚೂರು ತೋರಿಸುತ್ತೆ. ಟಿ ಕೋಶ ನೆರವು ಕೊಡೋದು ಅಂಥದ್ದಕ್ಕೆ. ಉಳಿದವು ಅಲ್ಲೇ ಸಾಯುತ್ತವೆ. ಗೆದ್ದದ್ದು ವಾಪಸ್ ಹೋಗಿ ಮತ್ತೆ ಒಡೆಯುತ್ತೆ, ಮತ್ತೆ ತಿದ್ದಿಕೊಳ್ಳುತ್ತೆ, ಮತ್ತೆ ಪರೀಕ್ಷೆಗೆ ಬರುತ್ತೆ. ಹೀಗೆ ವಾರಗಟ್ಟಲೆ. ಕೋವಿಡ್ ಲಸಿಕೆ ಹಾಕಿಸಿಕೊಂಡವರ ಕಂಕುಳಿನ ಗ್ರಂಥಿಗೆ ಸಣ್ಣ ಸೂಜಿ ಹಾಕಿ ನೋಡಿದ ಅಮೆರಿಕದ ಸೇಂಟ್ ಲೂಯಿಸ್‌ನ ತಂಡವೊಂದಕ್ಕೆ, ಎರಡನೇ ಡೋಸ್ ಆಗಿ 12 ವಾರ ಕಳೆದರೂ ಈ ಸೆಂಟರುಗಳು ನಡೆಯುತ್ತಲೇ ಇದ್ದದ್ದು ಕಂಡಿತು. ಅದು 2021ರ ವರದಿ. ನಮ್ಮ ತೋಳಿನ ನೋವು ಎರಡು ದಿನಕ್ಕೆ ಹೋಗಿರುತ್ತೆ, ಒಳಗಿನ ಕೆಲಸ ಮೂರು ತಿಂಗಳು!

ಈ ಕೆಲಸಕ್ಕೆ ಎಲ್ಲ ಸಹಾಯಕ ಟಿ ಕೋಶಗಳೂ ಬರಲ್ಲ. ಒಂದು ಜಾತಿ ಮಾತ್ರ. ಅದರ ಹೆಸರು 'ಫಾಲಿಕ್ಯುಲರ್ ಹೆಲ್ಪರ್'. ಬಿಸಿಎಲ್6 ಅನ್ನೋ ಪ್ರೋಟೀನ್ ಚಾಲೂ ಆದರೆ ಟಿ ಕೋಶ ಈ ದಾರಿ ಹಿಡಿಯುತ್ತೆ ಅಂತ 2009ರಲ್ಲಿ ಗೊತ್ತಾಯಿತು. ಆಗ ಅದರ ಮೈಮೇಲೆ ಸಿಎಕ್ಸ್‌ಸಿಆರ್5 ಅನ್ನೋ ಗ್ರಾಹಕ ಬರುತ್ತೆ. ಬಿ ಕೋಶಗಳಿರುವ ಜಾಗದ ರಾಸಾಯನಿಕದ ಜಾಡು ಹಿಡಿದು ಅಲ್ಲಿಗೆ ಹೋಗಲು ಅದೇ ದಾರಿ ತೋರಿಸೋದು.

ಇಲ್ಲಿ ಒಂದು ಎಚ್ಚರ ಹೇಳ್ತೀನಿ. ನಿನ್ನ ಪುಸ್ತಕದಲ್ಲಿರೋದು ಬಹಳಷ್ಟು ಇಲಿಯ ಪಾಠ. ಇಲಿಯಲ್ಲಿ ಈ ಕೋಶ ತಯಾರಾಗಲು ಐಎಲ್-6, ಐಎಲ್-21 ಮುಖ್ಯ. ಮನುಷ್ಯರಲ್ಲಿ ಐಎಲ್-12 ಮುಂದೆ ಬರುತ್ತೆ. ಜೊತೆಗೆ ಟಿಜಿಎಫ್-ಬೀಟಾ, ಆಕ್ಟಿವಿನ್-ಎ ಕೂಡ. ಇನ್ನೊಂದು ಕೇಳು. ಮನುಷ್ಯರ ಟಾನ್ಸಿಲ್‌ನಲ್ಲಿರುವ ಈ ಕೋಶಗಳಲ್ಲಿ ಕೆಲವು ಡೋಪಮಿನ್ ಇಟ್ಟುಕೊಂಡಿರುತ್ತವೆ. ಮೆದುಳಿನದ್ದು ಅಂತ ಓದಿದ್ದೆವಲ್ಲ, ಅದೇ ಡೋಪಮಿನ್. ಬಿ ಕೋಶದ ಪಕ್ಕ ನಿಂತು ಅದನ್ನು ಬಿಡುತ್ತವೆ, ಬಿ ಕೋಶ ಚುರುಕಾಗುತ್ತೆ. 2017ರಲ್ಲಿ ಇದನ್ನು ಓದಿದಾಗ ನಾನು ಪಕ್ಕದ ಮನೆಯವರನ್ನೂ ಕರೆದು ಹೇಳಿದ್ದೆ. ಅವರು ಪಾಪ, ಕಾಫಿ ಕುಡಿದು ಹೋದರು.

ಪ್ರಶ್ನೆ: ಥೈಮಸ್ ಅನ್ನೋ ಗ್ರಂಥಿ ವಯಸ್ಸಾದಂತೆ ಕುಗ್ಗಿಹೋಗುತ್ತದೆ, ಟಿ ಕೋಶ ಹುಟ್ಟುವುದೇ ಅಲ್ಲಿ ಎಂದು ಓದಿದೆ. ನನಗೀಗ 71. ಹಾಗಾದರೆ ನನ್ನ ಹತ್ತಿರ ಟಿ ಕೋಶ ಉಳಿದಿದೆಯೇ?
— ನಿವೃತ್ತ ಶಿಕ್ಷಕರು, ಹೊಸದುರ್ಗ

ಉತ್ತರ: ಉಳಿದಿದೆ ಸಾರ್, ಗಾಬರಿ ಬೇಡ. ಒಂದು ತಿದ್ದುಪಡಿ: ಟಿ ಕೋಶದ ಮೂಲ ಹುಟ್ಟು ಮೂಳೆಯ ಮಜ್ಜೆಯಲ್ಲಿ. ಅಲ್ಲಿಂದ ಎದೆಮೂಳೆಯ ಹಿಂದೆ, ಹೃದಯದ ಮೇಲುಭಾಗದಲ್ಲಿರುವ ಥೈಮಸ್‌ಗೆ ಬಂದು ಪಳಗುತ್ತೆ. ಪಳಗೋದು ಅಂದರೆ ಸಲೀಸಲ್ಲ. ನಮ್ಮ ಮೈಯ ಗುರುತಿನ ಪ್ರೋಟೀನನ್ನು ಓದಲು ಬಾರದ ಕೋಶ ಅಲ್ಲೇ ಸಾಯುತ್ತೆ. ತೀರಾ ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಸಾಯುತ್ತೆ. ಇನ್ಸುಲಿನ್‌ನಂಥ ಬೇರೆ ಅಂಗದ ಪ್ರೋಟೀನುಗಳನ್ನೂ ಥೈಮಸ್ ತಾನೇ ಸ್ವಲ್ಪ ತಯಾರಿಸಿ ತೋರಿಸುತ್ತೆ. ಅದರ ಮೇಲೆ ಎಗರುವ ಕೋಶಕ್ಕೆ ಅಲ್ಲೇ ಮುಕ್ತಾಯ. ಹೊಕ್ಕ ನೂರರಲ್ಲಿ ಪಾಸಾಗಿ ಹೊರಗೆ ಬರೋದು ಐದಕ್ಕಿಂತ ಕಮ್ಮಿ. ನೀವು ಮೇಷ್ಟ್ರಾಗಿದ್ದವರು, ಇಷ್ಟು ಕಮ್ಮಿ ರಿಸಲ್ಟ್ ಬಂದರೆ ಇಲಾಖೆಯಿಂದ ನೋಟಿಸ್ ಬರ್ತಿತ್ತು.

ಈ ಗ್ರಂಥಿ ದಂಡ ಅಂತಲೇ 1961ರವರೆಗೆ ಡಾಕ್ಟರುಗಳು ತಿಳಿದಿದ್ದರು. ಲಂಡನ್‌ನಲ್ಲಿ ಜಾಕ್ ಮಿಲ್ಲರ್ ಎಂಬುವರು ಆಗ ತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಅವು ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೂ ಸುಮ್ಮನಿದ್ದವು, ಸೋಂಕು ತಗುಲಿ ಸಾಯುತ್ತಿದ್ದವು. 1968ರ ಹೊತ್ತಿಗೆ ಮೆಲ್ಬರ್ನ್‌ನಲ್ಲಿ ಅವರೂ ಗ್ರಹಾಂ ಮಿಚೆಲ್ ಅವರೂ ಸೇರಿ, ಥೈಮಸ್‌ನಿಂದ ಬಂದ ಕೋಶ ತಾನು ಪ್ರತಿಕಾಯ ಮಾಡದೆ, ಮಜ್ಜೆಯಿಂದ ಬಂದದ್ದರ ಕೈಲಿ ಮಾಡಿಸುತ್ತೆ ಅಂತ ತೋರಿಸಿದರು. 'ಸಹಾಯಕ' ಅನ್ನೋ ಮಾತಿಗೆ ಬುಡ ಅಲ್ಲಿದೆ. 2019ರಲ್ಲಿ ಮಿಲ್ಲರ್ ಅವರಿಗೆ ವೈದ್ಯವಿಜ್ಞಾನದ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್ ಕೊಡದೇ ಇದ್ದದ್ದು ನನಗಂತೂ ಅನ್ಯಾಯ ಅನಿಸುತ್ತೆ.

ಇನ್ನು ನಿಮ್ಮ ವಿಷಯ. ಹರೆಯ ದಾಟಿದ ಮೇಲೆ ಥೈಮಸ್‌ನ ಜಾಗವನ್ನು ಕೊಬ್ಬು ತುಂಬುತ್ತಾ ಬರುತ್ತೆ. ಹೊಸ ಕೋಶ ಬರೋದು ಕಮ್ಮಿ. ಆದರೆ ಚಿಕ್ಕಂದಿನಲ್ಲಿ ಪಾಸಾಗಿ ಬಂದವು ತಾವೇ ಒಡೆದುಕೊಂಡು ದಶಕಗಟ್ಟಲೆ ಇರುತ್ತವೆ. ಹಳೇ ರೋಗಗಳ ನೆನಪು ಅವಕ್ಕೆ ಚೆನ್ನಾಗಿರುತ್ತೆ, ಹೊಸ ರೋಗಾಣುವಿಗೆ ಹೊಂದುವ ಕೋಶ ಹುಡುಕೋದು ಕಷ್ಟ. ವಯಸ್ಸಾದವರಿಗೆ ಹೊಸ ಲಸಿಕೆಯಿಂದ ಬರುವ ಪ್ರತಿಕಾಯ ಎಳೆಯರಷ್ಟು ಇರದೇ ಇರೋದಕ್ಕೆ ಇದೂ ಒಂದು ಕಾರಣ. ಹಾಗಂತ ಲಸಿಕೆ ದಂಡ ಅಲ್ಲ. ಕಮ್ಮಿ ಬಂದರೂ ಬರುತ್ತೆ. ಫ್ಲೂ, ನ್ಯುಮೋಕಾಕಲ್ ಲಸಿಕೆ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಿ. ದೊಡ್ಡವರಲ್ಲಿ ಥೈಮಸ್ ಪೂರ್ತಿ ಸತ್ತಿರುತ್ತೆ ಅನ್ನೋದೂ ಸುಳ್ಳು. ಎದೆಯ ಆಪರೇಷನ್ನಿನಲ್ಲಿ ಥೈಮಸ್ ತೆಗೆಸಿಕೊಂಡ ದೊಡ್ಡವರಲ್ಲಿ, ಅದೇ ಥರದ ಆಪರೇಷನ್ ಆಗಿ ಥೈಮಸ್ ಉಳಿಸಿಕೊಂಡವರಿಗಿಂತ ಸಾವೂ ಕ್ಯಾನ್ಸರೂ ಜಾಸ್ತಿ ಕಂಡವು ಅಂತ 2023ರಲ್ಲಿ ಬಾಸ್ಟನ್‌ನ ವೈದ್ಯರು ಬರೆದರು.

ಪ್ರಶ್ನೆ: ಮೆಕ್ಕೆಜೋಳ ಇಲ್ಲೇ ಸಿಗುತ್ತೆ ಅಂತ ಕೋಳಿ ಫಾರ್ಮ್ ಹಾಕಿದೆ. ಹೋದ ಬ್ಯಾಚಿಗೆ ಗಂಬೋರೋ ಬಂತು. ಉಳಿದ ಮರಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿದರೂ ಹಿಡಿಯಲೇ ಇಲ್ಲ. ಲಸಿಕೆ ಕೆಟ್ಟಿತ್ತಾ? ನಿಮ್ಮದು ಮನುಷ್ಯರ ಅಂಕಣ ಅಂತ ಗೊತ್ತು, ಆದರೂ ಕೇಳ್ತಿದ್ದೀನಿ.
— ರೈತರು, ಹರಿಹರ ತಾಲ್ಲೂಕು

ಉತ್ತರ: ಯಜಮಾನರೇ, ಧಾರಾಳವಾಗಿ ಕೇಳಿ. ಮನುಷ್ಯರ ಪ್ರತಿಕಾಯದ ಪಾಠ ಶುರುವಾದದ್ದೇ ಕೋಳಿಯಿಂದ. ಕೋಳಿಯ ಹಿಂಭಾಗದಲ್ಲಿ, ಹಿಕ್ಕೆ ಹಾಕುವ ದ್ವಾರದ ಮೇಲ್ಗಡೆ ಒಂದು ಪುಟ್ಟ ಚೀಲ ಇರುತ್ತೆ, 'ಬರ್ಸಾ' ಅಂತ. ಕೋಳಿ ದೊಡ್ಡದಾಗಿ ಮೊಟ್ಟೆಗೆ ಬರುವ ಹೊತ್ತಿಗೆ ಕರಗಿಹೋಗುತ್ತೆ. ಆದರೆ ಅಂಗಡಿಗೆ ಬರುವ ಬ್ರಾಯ್ಲರ್ ಎಳೆಯದು, ಅದರಲ್ಲಿ ಇದ್ದೇ ಇರುತ್ತೆ. ನಾನು ಇಲ್ಲಿನ ಮಾರ್ಕೆಟ್ಟಿನಲ್ಲಿ 'ಹಿಂದಿನ ಭಾಗ ಬಿಸಾಕಬೇಡಪ್ಪ, ನನಗೆ ಅದೇ ಬೇಕು' ಅಂತ ಹೇಳಿ ಕಟ್ಟಿಸಿಕೊಂಡು ಬಂದು ವಿದ್ಯಾರ್ಥಿಗಳ ಮುಂದೆ ಕೊಯ್ದಿದ್ದುಂಟು. ಹೊರಗೆ ನುಣ್ಣಗೆ, ದುಂಡಗೆ, ತಿಳಿಹಳದಿ ಬಣ್ಣ. ಸೀಳಿದರೆ ಒಳಗೆಲ್ಲ ಉದ್ದುದ್ದ ಮಡಿಕೆ ಮಡಿಕೆ. ಆ ಮಡಿಕೆಗಳ ತುಂಬ ಬಿ ಕೋಶ. ಅಂಗಡಿಯವನು ದುಡ್ಡು ತಗೋಳಲ್ಲ ಅಂದ. ಯಾಕೆ ಬೇಕು ಅಂತ ಮಾತ್ರ ಎರಡು ಸಲ ಕೇಳಿದ.

1950ರ ದಶಕದಲ್ಲಿ ಅಮೆರಿಕದ ಒಹಾಯೋದಲ್ಲಿ ಬ್ರೂಸ್ ಗ್ಲಿಕ್ ಅನ್ನೋ ವಿದ್ಯಾರ್ಥಿ, ಬರ್ಸಾ ಯಾಕಿದೆ ಅಂತ ನೋಡಲು ಅದನ್ನು ತೆಗೆದ ಕೋಳಿಗಳನ್ನು ಸಾಕಿದ್ದ. ಟಿಮತಿ ಚಾಂಗ್ ಅನ್ನೋ ಗೆಳೆಯ, ಪ್ರತಿಕಾಯ ಬರೋದನ್ನು ಕ್ಲಾಸಿನಲ್ಲಿ ತೋರಿಸೋಕೆ ಬೇಕು ಅಂತ ಅದರಲ್ಲಿ ಕೆಲವನ್ನು ತಗೊಂಡು ಹೋದ. ಚುಚ್ಚಿದರೆ ಪ್ರತಿಕಾಯವೇ ಇಲ್ಲ! ದೊಡ್ಡ ವಿಜ್ಞಾನ ಪತ್ರಿಕೆಯವರು ಆ ಬರಹವನ್ನು ವಾಪಸ್ ಕಳಿಸಿದರು. 1956ರಲ್ಲಿ ಕೋಳಿಸಾಕಣೆಯ ಪತ್ರಿಕೆಯಲ್ಲಿ ಬಂತು. ಬಿ ಕೋಶದ 'ಬಿ' ಈ ಬರ್ಸಾದ್ದೇ. ನಮಗೆ ಬರ್ಸಾ ಇಲ್ಲ, ಮಜ್ಜೆಯಲ್ಲೇ ಆ ಕೆಲಸ ಆಗುತ್ತೆ.

ಗಂಬೋರೋ ವೈರಸ್ ಹುಡುಕಿಕೊಂಡು ಹೋಗಿ ಕೊಲ್ಲೋದು ಬರ್ಸಾದಲ್ಲಿರುವ ಎಳೆಯ ಬಿ ಕೋಶಗಳನ್ನೇ. ಆಮೇಲೆ ಟಿ ಕೋಶ ಎಷ್ಟು ಚೆನ್ನಾಗಿದ್ದರೂ ನೆರವು ಕೊಡೋದು ಯಾರಿಗೆ? ಹಾಗಾಗಿ ನಿಮ್ಮ ಕೊಕ್ಕರೆ ರೋಗದ ಲಸಿಕೆ ಚೆನ್ನಾಗಿಯೇ ಇದ್ದಿರಬಹುದು. ಮುಂದಿನ ಬ್ಯಾಚಿಗೆ ಗಂಬೋರೋ ಲಸಿಕೆಯ ದಿನವನ್ನು ಪಶುವೈದ್ಯರ ಹತ್ತಿರ ಕೇಳಿಯೇ ಗೊತ್ತು ಮಾಡಿ. ತಾಯಿಯಿಂದ ಬಂದ ಪ್ರತಿಕಾಯ ಮರಿಯಲ್ಲಿ ಜಾಸ್ತಿ ಇರುವಾಗ ಹಾಕಿದರೆ ಲಸಿಕೆ ವ್ಯರ್ಥ, ತಡ ಮಾಡಿದರೆ ರೋಗ ಮೊದಲು ಬರುತ್ತೆ. ಶೆಡ್ ತೊಳೆಯೋದರಲ್ಲೂ ಚೌಕಾಸಿ ಬೇಡ, ಆ ವೈರಸ್ ಬಹಳ ಗಟ್ಟಿ.

ಪ್ರಶ್ನೆ: ಆರು ವಾರದ ಕೂಸಿಗೆ ಒಂದೇ ದಿನ ಪೆಂಟಾ, ಪಿಸಿವಿ ಎಲ್ಲ ಹಾಕಿಸಿ ಅಂದರೆ ತಾಯಂದಿರು ಜಗಳಕ್ಕೆ ಬರ್ತಾರೆ. 'ಎರಡು ವರ್ಷ ಆಗಲಿ, ಮಗು ಗಟ್ಟಿಯಾದ ಮೇಲೆ ಒಂದೇ ಸಲ ಹಾಕಿಸ್ತೀವಿ' ಅಂತಾರೆ. ಏನು ಹೇಳಲಿ?
— ಆಶಾ ಕಾರ್ಯಕರ್ತೆ, ಜಗಳೂರು ತಾಲ್ಲೂಕು

ಉತ್ತರ: ತಂಗಿ, ಆ ರೋಗಗಳು ಎರಡು ವರ್ಷದವರೆಗೆ ಕಾಯಲ್ಲ ಅಂತ ಮೊದಲು ಹೇಳು. ನ್ಯುಮೋನಿಯಾ, ಮೆದುಳುಪೊರೆಯ ಜ್ವರ ತರುವ ಹಿಬ್ (ಪೆಂಟಾ ತಡೆಯೋದರಲ್ಲಿ ಇದೂ ಒಂದು) ಮತ್ತು ನ್ಯುಮೋಕಾಕಸ್ (ಪಿಸಿವಿ ಇದಕ್ಕೇ) ಕೂಸುಗಳನ್ನೇ ಹೆಚ್ಚು ಕೊಲ್ಲೋದು.

ಕಾರಣ ನಿನಗಾಗಿ ಹೇಳ್ತೀನಿ. ಈ ಎರಡು ಬ್ಯಾಕ್ಟೀರಿಯಾ ಮೈಮೇಲೆ ಸಕ್ಕರೆಯ ಹೊದಿಕೆ ಹೊದ್ದಿರುತ್ತವೆ. ಟಿ ಕೋಶಕ್ಕೆ ಕಾಣೋದು ಪ್ರೋಟೀನಿನ ಚೂರು. ಸಕ್ಕರೆ ಕಾಣಲ್ಲ. ದೊಡ್ಡವರ ಬಿ ಕೋಶ ಟಿ ಕೋಶದ ನೆರವಿಲ್ಲದೆಯೂ ಸಕ್ಕರೆಗೆ ಒಂದಿಷ್ಟು ಪ್ರತಿಕಾಯ ಮಾಡಿಕೊಳ್ಳುತ್ತೆ. ಎರಡು ವರ್ಷದೊಳಗಿನ ಕೂಸಿಗೆ ಅದು ಬರಲ್ಲ. ಅದಕ್ಕೇ ಬರೀ ಸಕ್ಕರೆಯ ಲಸಿಕೆ ಕೂಸಿನಲ್ಲಿ ಕೆಲಸ ಮಾಡಲಿಲ್ಲ. ಉಪಾಯ ಏನೆಂದರೆ, ಆ ಸಕ್ಕರೆಗೆ ಟೆಟನಸ್ ಅಥವಾ ಡಿಫ್ತೀರಿಯಾದ ನಿರಪಾಯ ಪ್ರೋಟೀನನ್ನು ಅಂಟಿಸಿಬಿಡೋದು. ಸಕ್ಕರೆ ಹಿಡಿಯುವ ಬಿ ಕೋಶ ಎರಡನ್ನೂ ಒಟ್ಟಿಗೆ ನುಂಗುತ್ತೆ. ಹೊರಗೆ ತೋರಿಸೋದು ಟೆಟನಸ್ ಪ್ರೋಟೀನಿನ ಚೂರು. ಅದನ್ನು ನೋಡಿ ಟಿ ಕೋಶ ನೆರವು ಕೊಡುತ್ತೆ. ಬಿ ಕೋಶ ಮಾತ್ರ ತನ್ನ ಸಕ್ಕರೆಗೇ ಪ್ರತಿಕಾಯ ಮಾಡುತ್ತೆ! ನೆನಪೂ ಉಳಿಯುತ್ತೆ. ಸಕ್ಕರೆಗೆ ಪ್ರೋಟೀನ್ ಅಂಟಿಸಬಹುದು ಅಂತ 1929ರಲ್ಲೇ ಏವರಿ ಮತ್ತು ಗೋಬೆಲ್ ತೋರಿಸಿದ್ದರು. ಮೊದಲ ಹಿಬ್ ಲಸಿಕೆ ಈ ಥರದ್ದು ಬಂದದ್ದು 1987ರಲ್ಲಿ. ನಡುವೆ ಹೋದ ಕೂಸುಗಳನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಹೈದರಾಬಾದಿನಲ್ಲಿ ತಯಾರಾದ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯೂ ಇದೇ ಉಪಾಯದ್ದು.

ಹಾಗಾಗಿ ಪೆಂಟಾ 6, 10, 14 ವಾರಕ್ಕೆ, ಪಿಸಿವಿ 6, 14 ವಾರಕ್ಕೆ ಮತ್ತು 9 ತಿಂಗಳಿಗೆ. ತಾಯಿ ಕಾರ್ಡಿನಲ್ಲಿ ಇರುವ ಹಾಗೇ ಹಾಕಿಸಲಿ. ಒಂದೇ ದಿನ ನಾಲ್ಕು ಕೊಟ್ಟರೆ ಮಗುವಿನ ಮೈ ಸುಸ್ತಾಗಲ್ಲ. ಒಂದೊಂದಕ್ಕೂ ಹೊಂದುವ ಕೋಶಗಳೇ ಬೇರೆ ಬೇರೆ. ಜಗಳಕ್ಕೆ ಬಂದವರಿಗೆ ಇಷ್ಟೆಲ್ಲ ಹೇಳೋಕೆ ಹೋಗಬೇಡ. ಲಸಿಕೆ ಹಾಕಿಸಿದ ಪಕ್ಕದ ಮನೆಯ ಮಗುವನ್ನು ತೋರಿಸು, ಅದೇ ಬೇಗ ನಾಟುತ್ತೆ.

ಪ್ರಶ್ನೆ: ಮಗಳ ಟಾನ್ಸಿಲ್ ತೆಗೆಸಬೇಕು ಅಂದಿದ್ದಾರೆ. ತೆಗೆಸಿದರೆ ರೋಗನಿರೋಧಕ ಶಕ್ತಿ ಹೋಗುತ್ತಾ?
— ತಂದೆ, ಚಳ್ಳಕೆರೆ

ಉತ್ತರ: ಹೋಗಲ್ಲ. ಅದೇ ಕೆಲಸ ಮಾಡುವ ನೂರಾರು ಗ್ರಂಥಿಗಳು ಮೈಯಲ್ಲಿವೆ. ಆದರೆ ಟಾನ್ಸಿಲ್ ಬರೀ ಮಾಂಸದ ಗಡ್ಡೆಯೂ ಅಲ್ಲ. ಮೇಲಿಂದ ಮೇಲೆ ಜ್ವರ ಬರುತ್ತಿದ್ದರೆ, ರಾತ್ರಿ ಉಸಿರು ಕಟ್ಟುತ್ತಿದ್ದರೆ ತೆಗೆಸಿ. ವರ್ಷಕ್ಕೊಂದೆರಡು ಸಲ ಗಂಟಲು ನೋವು ಅಷ್ಟೇ ಅಂದರೆ ಇನ್ನೊಬ್ಬ ಇಎನ್‌ಟಿ ಡಾಕ್ಟರಿಗೂ ತೋರಿಸಿ.

ನಮ್ಮ ಲ್ಯಾಬಿಗೆ ಬಂದ ಟಾನ್ಸಿಲ್ ಸ್ಲೈಡನ್ನು ನೋಡೋದು ನನಗೆ ಬಲು ಇಷ್ಟದ ಕೆಲಸ. ಸೂಕ್ಷ್ಮದರ್ಶಕದ ಅಡಿ ಎಲ್ಲವೂ ದಟ್ಟ ನೀಲಿ-ನೇರಳೆ. ನಡುನಡುವೆ ತೆಳುಬಣ್ಣದ ದುಂಡನೆ ಜಾಗಗಳು. ಅವೇ ಮೇಲೆ ಹೇಳಿದ ಜರ್ಮಿನಲ್ ಸೆಂಟರುಗಳು. ದೊಡ್ಡದು ಮಾಡಿ ನೋಡಿದರೆ ಅದರಲ್ಲೂ ಎರಡು ಪಾಲು. ಒಂದು ಕಡೆ ಕೋಶಗಳು ಒತ್ತೊತ್ತಾಗಿ ಕಪ್ಪಗಿರುತ್ತವೆ, ಅಲ್ಲಿ ಒಡೆಯುವ ಕೆಲಸ. ಇನ್ನೊಂದು ಕಡೆ ಬಿಡಿಬಿಡಿ, ಬೆಳ್ಳಗೆ. ಟಿ ಕೋಶಗಳು ಕಾಯುತ್ತಿರೋದು ಅಲ್ಲಿ. ಅವುಗಳ ಮೈಮೇಲಿನ ಪಿಡಿ-1 ಅನ್ನೋ ಪ್ರೋಟೀನನ್ನು ಹಿಡಿಯುವ ಬಣ್ಣ ಹಾಕಿದರೆ ಅವು ಕಂದಾಗಿ ಎದ್ದು ಕಾಣುತ್ತವೆ. ಮಧ್ಯೆ ಮಧ್ಯೆ ದೊಡ್ಡ ಹೊಟ್ಟೆಯ ಮ್ಯಾಕ್ರೋಫೇಜ್ ಕೋಶಗಳು, ಹೊಟ್ಟೆಯೊಳಗೆ ಕಪ್ಪು ಚೂರುಗಳು. ಸೋತು ಸತ್ತ ಬಿ ಕೋಶಗಳ ಅವಶೇಷ ಅದು. ಫಾಲಿಕ್ಯುಲರ್ ಹೆಲ್ಪರ್ ಕೋಶವನ್ನು 2000ದ ಹೊತ್ತಿಗೆ ಗುರುತಿಸಿದ್ದೂ ಹೀಗೆ ಆಪರೇಷನ್ ಮಾಡಿ ತೆಗೆದ ಮನುಷ್ಯರ ಟಾನ್ಸಿಲ್‌ಗಳಲ್ಲೇ. ನಿಮ್ಮ ಮಗಳಿಗೆ ಐಸ್‌ಕ್ರೀಂ ಕೊಡಿಸಿ, ಭಯ ಬೇಡ.

ಪ್ರಶ್ನೆ: ಹೆಸರು, ಊರು ಹಾಕಬೇಡಿ. ಎಚ್‌ಐವಿಗೆ ಎಆರ್‌ಟಿ ಮಾತ್ರೆ ತಗೋತಿದ್ದೀನಿ. ವೈರಸ್ ಈಗ ರಕ್ತದಲ್ಲಿ ಕಾಣಲ್ಲ, ಸಿಡಿ4 ಕೂಡ ಏರಿದೆ. ಆದರೂ ಮಾತ್ರೆ ನಿಲ್ಲಿಸೋ ಹಾಗಿಲ್ಲ ಅಂತಾರೆ, ಲಸಿಕೆಗಳನ್ನೂ ಹಾಕಿಸಿಕೋ ಅಂತಾರೆ. ಯಾಕೆ?

ಉತ್ತರ: ಪತ್ರ ಬರೆದದ್ದು ಒಳ್ಳೆಯದಾಯಿತು. ನಿಮ್ಮ ರಿಪೋರ್ಟಿನ ಸಿಡಿ4 ಅಂದರೆ ಇದೇ ಸಹಾಯಕ ಟಿ ಕೋಶ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರುತ್ತೆ. 200ಕ್ಕಿಂತ ಇಳಿದರೆ ಅಪಾಯ. ವೈರಸ್ ಒಳಹೋಗಲು ಹಿಡಿಯೋದೇ ಆ ಸಿಡಿ4 ಪ್ರೋಟೀನನ್ನು. ಮಾತ್ರೆಯಿಂದ ರಕ್ತ ಚೊಕ್ಕ ಆದರೂ, ದುಗ್ಧಗ್ರಂಥಿಯ ಒಳಗಿರುವ ಫಾಲಿಕ್ಯುಲರ್ ಹೆಲ್ಪರ್ ಕೋಶಗಳಲ್ಲಿ ವೈರಸ್ ಅಡಗಿ ಕೂತಿರುತ್ತೆ. ಮಾತ್ರೆ ನಿಲ್ಲಿಸಿದರೆ ಅಂಥ ಜಾಗಗಳಿಂದಲೇ ಮತ್ತೆ ಹೊರಗೆ ಬರುತ್ತೆ. ಒಂದು ದಿನವೂ ಬಿಡಬೇಡಿ.

ಲಸಿಕೆ ಯಾಕೆ ಅಂದರೆ, ಎಚ್‌ಐವಿಯಲ್ಲಿ ಪ್ರತಿಕಾಯದ ಒಟ್ಟು ಮೊತ್ತ ಜಾಸ್ತಿಯೇ ಇರಬಹುದು, ಆದರೆ ಕೆಲಸಕ್ಕೆ ಬರುವಂಥದ್ದು ಕಮ್ಮಿ. ನೆರವು ಕೊಡುವ ಕೋಶ ಪೆಟ್ಟು ತಿಂದಿರೋದರಿಂದ ಒಳ್ಳೆಯದನ್ನು ಆರಿಸುವ ಕೆಲಸ ಹದಗೆಟ್ಟಿರುತ್ತೆ. ಸಿಡಿ4 ಏರಿದಾಗ ಲಸಿಕೆ ಚೆನ್ನಾಗಿ ಹಿಡಿಯುತ್ತೆ. ಹೆಪಟೈಟಿಸ್ ಬಿ, ನ್ಯುಮೋಕಾಕಲ್, ಫ್ಲೂ ಇವುಗಳನ್ನು ಎಆರ್‌ಟಿ ಸೆಂಟರಿನ ಡಾಕ್ಟರ್ ಹೇಳಿದ ಹಾಗೆ ಹಾಕಿಸಿಕೊಳ್ಳಿ. ಜೀವಂತ ವೈರಸ್ ಇರುವ ಲಸಿಕೆಗೆ ಮಾತ್ರ ಅವರನ್ನು ಕೇಳದೆ ತೋಳು ಕೊಡಬೇಡಿ.

ಪ್ರಶ್ನೆ: ಟಿ ಕೋಶ ಹೆಚ್ಚಿಸುವ ಪೌಡರ್ ಅಂತ ಮೊಬೈಲ್‌ನಲ್ಲಿ ಜಾಹೀರಾತು ಬರುತ್ತಿದೆ. ತರಿಸಲೇ?
— ಹೊನ್ನಾಳಿ

ಉತ್ತರ: ಬೇಡ. ಆ ದುಡ್ಡಿಗೆ ಮನೆಮಂದಿಗೆಲ್ಲ ಬೆಣ್ಣೆದೋಸೆ ಆಗುತ್ತೆ. ಸಹಾಯಕ ಟಿ ಕೋಶ ಅಳತೆ ಮೀರಿ ನೆರವು ಕೊಟ್ಟರೆ ಮೈಯೇ ಮೈಮೇಲೆ ತಿರುಗಿಬೀಳುತ್ತೆ. ಲೂಪಸ್ ಕಾಯಿಲೆಯಲ್ಲಿ ನಡೆಯೋದು ಬಹಳ ಮಟ್ಟಿಗೆ ಅದೇ.

ಪ್ರಶ್ನೆ: ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಮುಗಿಸಿದೆ. ಪ್ರತಿಕಾಯ ಪರೀಕ್ಷೆ ಮಾಡಿಸಿದರೆ 10ಕ್ಕಿಂತ ಕಮ್ಮಿ ಬಂತು. ಜೊತೆಯವರಿಗೆಲ್ಲ ನೂರರ ಮೇಲಿದೆ. ನನ್ನ ಮೈಯಲ್ಲೇ ದೋಷವೇ?
— ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ದೋಷ ಅಂತ ಕರೀಬೇಡ ಮಗಳೇ. ಚೂರನ್ನು ಹಿಡಿದು ಟಿ ಕೋಶಕ್ಕೆ ತೋರಿಸುವ ಎಚ್‌ಎಲ್‌ಎ ಪ್ರೋಟೀನ್ ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದರಲ್ಲಿ ಕೆಲವು ಥರದವರಿಗೆ ಈ ಲಸಿಕೆಯ ಚೂರು ಸರಿಯಾಗಿ ಕೂರಲ್ಲ. ಆಗ ಟಿ ಕೋಶ ಏಳಲ್ಲ, ಬಿ ಕೋಶವೂ ಏಳಲ್ಲ. ಬೇರೆ ರೋಗಗಳ ಲಸಿಕೆ ನಿನಗೆ ಚೆನ್ನಾಗಿಯೇ ಹಿಡಿದಿರುತ್ತೆ.

ಪರೀಕ್ಷೆ ಮಾಡಿಸಿದ್ದು ಯಾವಾಗ ಅಂತ ಬರೆದಿಲ್ಲ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಮಾಡಿಸಿದ್ದರೆ ಮಾತ್ರ ಅದಕ್ಕೆ ಅರ್ಥ. ವರ್ಷಗಳ ಮೇಲೆ ಮಾಡಿಸಿದರೆ ಸಂಖ್ಯೆ ಇಳಿದಿರುತ್ತೆ, ನೆನಪಿನ ಕೋಶಗಳು ಮಾತ್ರ ಇದ್ದೇ ಇರುತ್ತವೆ. ಸರಿಯಾದ ಸಮಯಕ್ಕೇ ಮಾಡಿಸಿ ಕಮ್ಮಿ ಬಂದಿದ್ದರೆ ಇನ್ನೊಂದು ಸುತ್ತು ಮೂರು ಡೋಸ್ ತಗೋ. ಎರಡನೇ ಸುತ್ತಿನಲ್ಲಿ ಬಹಳ ಜನರಿಗೆ ಬರುತ್ತೆ. ಆಗಲೂ ಬರದಿದ್ದರೆ ಹೆಪಟೈಟಿಸ್ ಬಿ ಈಗಾಗಲೇ ಮೈಯಲ್ಲಿದೆಯಾ ಅಂತ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸು. ಅದು ನೆಗೆಟಿವ್ ಬಂದರೆ ಕೆಲಸಕ್ಕೇನೂ ಅಡ್ಡಿ ಇಲ್ಲ. ಆದರೆ ರೋಗಿಯ ಸೂಜಿ ಚುಚ್ಚಿಕೊಂಡ ದಿನ ಮುಚ್ಚಿಡಬೇಡ. ಆ ಕೂಡಲೇ, ತಡ ಅಂದರೆ 24 ಗಂಟೆಯೊಳಗೆ, ನಿನ್ನ ಲಸಿಕೆ ಹಿಡಿದಿಲ್ಲ ಅನ್ನೋ ರಿಪೋರ್ಟು ತೋರಿಸಿ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೆಡಿಮೇಡ್ ಪ್ರತಿಕಾಯ, ಬೇಕಾ ಅಂತ ಕೇಳು.